ಹುಕ್ಕೇರಿಯಿಂದ ಬಂದು ಕೂಡಿದ ಗೆರೆ

ಗೆರೆ ಎರಡಾಗಿದ್ದು ಯಾವಾಗ? ನಿನ್ನೆ ಅಂಗಡಿ ಮುಚ್ಚುವಾಗ ಒಂದೇ ಇತ್ತಲ್ಲ? ಅಥವಾ ಆಗಲೇ ಎರಡಾಗಿತ್ತೋ, ತಾನೇ ನೋಡಿರಲಿಲ್ಲವೋ? ಏನೋ ತಪ್ಪು ಒತ್ತಿದ್ದು ತಾನಿರಬೇಕು. ಅವಳು ತಪ್ಪು ಒತ್ತುವವಳಲ್ಲ. ಹಾಗಾದರೆ ಬೇಕೆಂದೇ ಬೇರೆಯಾದಳೇ? ಮೊನ್ನೆ ಫೋನಿನಲ್ಲಿ ತಾನು ‘ಆತ್ರಿ’ ಅಂದದ್ದು ಸ್ವಲ್ಪ ಬಿರುಸಾಗಿ ಕೇಳಿಸಿತ್ತೇ?

ಗೋಕಾಕದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ‘ಪದ್ಮಣ್ಣ ಕಂಪ್ಯೂಟರ್ಸ್’ ಎಂಬ ಬೋರ್ಡಿನ ಕೆಳಗೆ ಕೂತು, ಶ್ರೇಣಿಕ ಪರದೆಯ ಮೇಲಿನ ಆ ಎರಡು ಗೆರೆಗಳನ್ನು ಹೀಗೆ ನೋಡುತ್ತಿದ್ದ. ಎರಡು ಸಾವಿರದ ಎಂಟನೆಯ ಇಸವಿಯ ಮಾತು. ಶ್ರೇಣಿಕ ಬಿ.ಎಸ್ಸಿ. ಪಾಸಾದವನು, ಕಲ್ಲೋಳಿಯ ರೈತರ ಮನೆಯ ಹುಡುಗ, ಯಾರು ಏನು ಕೇಳಿದರೂ ಮೊದಲು ‘ಹೌದು’ ಎಂದು, ಆಮೇಲೆ ಏನು ಕೇಳಿದರು ಎಂದು ಯೋಚಿಸುವವನು. ಮೂಡಲಗಿ ಕಡೆಯ ಏತ ನೀರಾವರಿ ಸಂಘದವರು ಬಂದು, ಯಾರ ಹೊಲಕ್ಕೆ ಯಾವಾಗ ನೀರು ಬಿಡಬೇಕು ಎಂಬ ಪಾಳಿಯನ್ನು ಕಂಪ್ಯೂಟರೇ ಹೇಳುವಂತೆ ಮಾಡಲು ಬರುತ್ತದೆಯೇ ಎಂದು ಕೇಳಿದಾಗಲೂ ಅವನು ಹಾಗೆಯೇ ಹೌದು ಎಂದಿದ್ದ. ಒಬ್ಬನಿಂದ ಆಗುವ ಕೆಲಸವಲ್ಲ ಎಂದು ತಿಳಿದ ಮೇಲೆ, ಹುಕ್ಕೇರಿಯಲ್ಲಿ ಹುಡುಗರಿಗೆ ಕಂಪ್ಯೂಟರ್ ಕಲಿಸುತ್ತಿದ್ದ ಆರತಿಯನ್ನು ಹುಡುಕಿ ಅರ್ಧ ಕೆಲಸ ಒಪ್ಪಿಸಿದ್ದ.

ಗಿಟ್ ಎಂಬ ಹೊಸ ವ್ಯವಸ್ಥೆಯನ್ನು ತಂದವಳು ಆರತಿ. ಅದರಲ್ಲಿ ಇಬ್ಬರ ಹತ್ತಿರವೂ ಪೂರ್ತಿ ಕೆಲಸ ಇರುತ್ತದೆ, ಪೂರ್ತಿ ಇತಿಹಾಸವೂ ಇರುತ್ತದೆ. ಕರೆಂಟು ಹೋಗಲಿ, ಇಂಟರ್‌ನೆಟ್ಟು ಸಾಯಲಿ, ಅವಳು ಹುಕ್ಕೇರಿಯಲ್ಲಿ, ಇವನು ಗೋಕಾಕದಲ್ಲಿ ತಮ್ಮ ಪಾಡಿಗೆ ತಾವು ಬರೆಯಬಹುದು. ಇಂಟರ್‌ನೆಟ್ಟು ಇದ್ದಾಗ ಅವಳು ಬರೆದದ್ದು ಇವನ ಪರದೆಗೂ ಬಂದು ನಿಲ್ಲುತ್ತದೆ, ಉಳಿದದ್ದನ್ನು ಪೆನ್‌ ಡ್ರೈವಿನಲ್ಲಿ ತಂದು ಎರಡನ್ನೂ ಕೂಡಿಸಬಹುದು. ಪರದೆಯ ಮೇಲೆ ಒಂದೊಂದು ಬದಲಾವಣೆಗೆ ಒಂದೊಂದು ಚುಕ್ಕೆ, ಚುಕ್ಕೆಯ ಪಕ್ಕದಲ್ಲಿ ಅದನ್ನು ಮಾಡಿದವರ ಹೆಸರು, ಚುಕ್ಕೆಯಿಂದ ಚುಕ್ಕೆಗೆ ಗೆರೆ. ಹಳೆಯದು ಕೆಳಗೆ, ಹೊಸದು ಮೇಲೆ. ಎಲ್ಲಕ್ಕಿಂತ ಕೆಳಗಿನ ಚುಕ್ಕೆಯ ಪಕ್ಕದಲ್ಲಿ ‘ಪದ್ಮಣ್ಣ’ ಎಂದಿತ್ತು. ಪದ್ಮಣ್ಣ ಶ್ರೇಣಿಕನ ತೀರಿಹೋದ ಅಜ್ಜ. ಕಂಪ್ಯೂಟರು ಮೊದಲ ದಿನ ಹೆಸರು ಕೇಳಿದಾಗ ಶ್ರೇಣಿಕ ಗಾಬರಿಯಾಗಿ ಬೋರ್ಡಿನ ಮೇಲಿದ್ದದ್ದನ್ನೇ ಒತ್ತಿಬಿಟ್ಟಿದ್ದ.

ಇತಿಹಾಸ ಎಂದರೆ ಶ್ರೇಣಿಕನಿಗೆ ಸಾಲಿಯಲ್ಲಿ ಕಲಿತ ಇತಿಹಾಸ. ಒಬ್ಬ ರಾಜ ಸತ್ತ ಮೇಲೆ ಇನ್ನೊಬ್ಬ ರಾಜ, ನೆಟ್ಟಗೆ ಒಂದೇ ಸಾಲು. ಇಬ್ಬರು ರಾಜರು ಪಕ್ಕಪಕ್ಕ ಕೂತು ಆಳಿದರು ಎಂದು ಯಾವ ಮಾಸ್ತರೂ ಹೇಳಿರಲಿಲ್ಲ. ಅವನು ಫೋನು ಎತ್ತಿದ.

“ಮೇಡಂ, ಗೆರಿ ಎರಡ ಆಗ್ಯಾವ್ರಿ.”

“ಆಗಬೇಕಲ್ರಿ ಸರ್. ಇಬ್ಬರೂ ಒಂದ ಚುಕ್ಕಿಯಿಂದ ಹೊಂಟ್ವಿ. ಅಲ್ಲಿ ನೀವ ಬರದ್ರಿ, ಇಲ್ಲಿ ನಾ ಬರದೆ.”

“ಮತ್ತ ಇದರಾಗ ಖರೆ ಗೆರಿ ಯಾವದ್ರಿ?”

“ಎರಡೂ ಖರೆನರಿ.”

ಶ್ರೇಣಿಕ ಪರದೆಯ ಮೇಲೆ ಎರಡೂ ಗೆರೆಗಳಗುಂಟ ಬೆರಳಾಡಿಸಿದ. “ಒಂದ ಅಳಸೂಣೇನ್ರಿ? ಬೇಕಂದ್ರ ನಂದ ಅಳಸ್ರಿ.”

ಆ ಕಡೆ ಕ್ಯಾಲೆಂಡರಿನ ಹಾಳೆ ತಿರುವಿದ ಸದ್ದಾಯಿತು. “ಯಾರದೂ ಅಳಸೂದ ಬ್ಯಾಡ್ರಿ. ಗುರುವಾರ ನನಗ ಸೂಟಿ ಐತಿ. ಬರ್ತೇನಿ. ಕೂಡಸೂಣು.”

ಫೋನು ಕಟ್ಟಾದ ಮೇಲೂ ಅವನು ಅದನ್ನು ಕಿವಿಯ ಹತ್ತಿರವೇ ಹಿಡಿದುಕೊಂಡಿದ್ದ.

ಗುರುವಾರ ಆರತಿ ಹುಕ್ಕೇರಿ ಬಸ್ಸಿನಲ್ಲಿ ಬಂದಳು. ಕನ್ನಡಕದ ಡಬ್ಬಿಯಲ್ಲಿ ಭದ್ರವಾಗಿ ಇಟ್ಟಿದ್ದ ಪೆನ್‌ ಡ್ರೈವ್ ತೆಗೆದು ಸಿಕ್ಕಿಸಿ, ನಾಲ್ಕು ಅಕ್ಷರ ಒತ್ತಿದಳು. ಎರಡು ಗೆರೆಗಳೂ ಬಾಗಿ ಬಂದು ಒಂದು ಹೊಸ ಚುಕ್ಕೆಯಲ್ಲಿ ಸೇರಿದವು.

“ನೋಡ್ರಿ, ಉಳಿದ ಚುಕ್ಕಿಗೆಲ್ಲಾ ಕೆಳಗ ಒಂದೊಂದ ಗೆರಿ. ಇದಕ್ಕಷ್ಟ ಎರಡು. ಇದಕ್ಕ ಎರಡೂ ಮನಿ ನೆನಪಿರ್ತೈತಿ. ತಿಳೀತೇನ್ರಿ?”

“ತಿಳೀಲಿಲ್ರಿ,” ಎಂದ ಶ್ರೇಣಿಕ. ಆ ದಿನ ಅದು ನಿಜವೇ ಆಗಿತ್ತು.

ಅವಳು ಇನ್ನೊಮ್ಮೆ ಹೇಳಿದಳು. ಮುಂದಿನ ಗುರುವಾರದ ಹೊತ್ತಿಗೆ ಗೆರೆ ಮತ್ತೆ ಎರಡಾಗಿತ್ತು. ಅವಳು ಮತ್ತೆ ಬಂದಳು, ಮತ್ತೆ ಹೇಳಿದಳು. ಹೀಗೆ ಗುರುವಾರಗಳು ಸಾಗಿದವು. ಅವರ ಮಾತೆಲ್ಲ ಸರ್, ಮೇಡಂ, ಚುಕ್ಕೆ, ಗೆರೆಗಳಲ್ಲೇ ಮುಗಿಯುತ್ತಿತ್ತು. ಮುಗಿದ ಮೇಲೆ ಬಸ್ಸಿನ ಹೊತ್ತಾಗುವವರೆಗೆ ಇಬ್ಬರೂ ಪರದೆಯನ್ನೇ ನೋಡುತ್ತ ಸುಮ್ಮನೆ ಕೂತಿರುತ್ತಿದ್ದರು.

ಪಕ್ಕದ ಅಂಗಡಿಯ ಕೆಂಚಪ್ಪನಿಗೆ ಮಾತ್ರ ಸುಮ್ಮನಿರುವುದು ಗೊತ್ತಿರಲಿಲ್ಲ. ಅವನದು ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ. ಊರಿನ ದೇವರುಗಳೂ ತೀರಿಹೋದ ಹಿರಿಯರೂ ಅವನ ಕೈಯಲ್ಲೇ ಗಾಜಿನೊಳಗೆ ಹೋಗಬೇಕು. ಬಿಡುವಿದ್ದಾಗ ಬಂದು ಶ್ರೇಣಿಕನ ಬೆನ್ನ ಹಿಂದೆ ನಿಲ್ಲುತ್ತಿದ್ದ.

“ಅಲ್ಲೋ ಶ್ರೇಣಿಕಾ, ನಿನ್ನಿ ಮುಂಜಾನೆ ನೋಡಿದಾಗ ಈ ಗೆರಿ ಕೂಡಿ ಒಂದ ಆಗಿತ್ತು. ಇವತ್ತ ಮತ್ತ ಎರಡು?”

“ಕರೆಂಟ್ ಹೋಗಿತ್ತು ಕೆಂಚಪ್ಪಣ್ಣಾ,” ಎಂದ ಶ್ರೇಣಿಕ.

ಗೋಕಾಕದಲ್ಲಿ ಯಾವ ಅನಾಹುತಕ್ಕೂ ಸಲ್ಲುವ ಕಾರಣ ಅದು. ಕೆಂಚಪ್ಪ ಒಪ್ಪಿಕೊಂಡ.

ಹೀಗಿರುವಾಗ ನೀರಾವರಿ ಸಂಘದ ಚೇರ್ಮನ್ನರು ಒಂದು ದಿನ ಬಂದು, “ಇಷ್ಟ ದಿನಾ ಆತು, ಕಣ್ಣಿಗೆ ಕಾಣೂವಂಥಾದ್ದು ಏನರ ಮಾಡೀರೇನು?” ಎಂದು ಕೇಳಿ ಹೋದರು. ಶ್ರೇಣಿಕನ ಮಾನಕ್ಕೆ ತಾಗಿತು. ಕೆಲಸ ಎಷ್ಟಾಗಿದೆ ಎಂದು ಜನ ನೋಡಲಿ ಎಂದು ಆ ಗೆರೆಗಳ ಚಿತ್ರವನ್ನು ದೊಡ್ಡ ಹಾಳೆಯ ಮೇಲೆ ಬಣ್ಣದಲ್ಲಿ ಅಚ್ಚು ಹಾಕಿಸಿದ. ಬರೀ ಹಾಳೆ ಅಂಟಿಸಿದರೆ ಕ್ಯಾಲೆಂಡರಿನಂತೆ ಕಾಣುತ್ತದೆ ಎನ್ನಿಸಿ ಕೆಂಚಪ್ಪನಿಗೆ ಕೊಟ್ಟ. ಕೆಂಚಪ್ಪ ತನ್ನಲ್ಲಿದ್ದ ಅತಿ ಅಗಲದ ಬಂಗಾರ ಬಣ್ಣದ ಕಟ್ಟು ಹಾಕಿದ. ಕೈಗೆ ರೂಢಿಯಾದದ್ದರಿಂದ ಗಂಧದ ಬಣ್ಣದ ಪ್ಲಾಸ್ಟಿಕ್ ಮಾಲೆಯೊಂದನ್ನು ಇಳಿಬಿಟ್ಟು, ಮೇಲೊಂದು ಕೆಂಪು ಸಣ್ಣ ಬಲ್ಬನ್ನೂ ಕೂರಿಸಿ ತಂದು ಗೋಡೆಗೆ ಹಾಕಿದ.

“ಬಲ್ಬ್ ಯಾಕೋ ಕೆಂಚಪ್ಪಣ್ಣಾ?”

“ಕಟ್ಟಿನ ಜೋಡಿ ಬರ್ತೈತಿ ಬಿಡು. ಗಾಜ ಮಿಂಚತೈತಿ.”

ಈ ಬಲ್ಬು ಮುಂದೆ ಎರಡು ತಾಲ್ಲೂಕುಗಳನ್ನು ಬೆಳಗಲಿತ್ತು.

ಇತ್ತ ಕಲ್ಲೋಳಿಯಲ್ಲಿ ಶ್ರೇಣಿಕನ ಅಜ್ಜಿ ಜಿನ್ನವ್ವ ಒಂದು ವಿಷಯ ಗಮನಿಸಿದ್ದಳು. ಅವಳನ್ನು ಮನೆಯವರೂ ಊರವರೂ ಆಯಿ ಎನ್ನುತ್ತಿದ್ದರು. ಮೊಮ್ಮಗ ವಾರವೆಲ್ಲ ಮುದುಡಿದ ಅಂಗಿಯಲ್ಲಿ ಹೋಗುತ್ತಾನೆ, ಗುರುವಾರ ಮಾತ್ರ ಇಸ್ತ್ರಿ ಮಾಡಿಕೊಳ್ಳುತ್ತಾನೆ. ಆಯಿ ಅವನನ್ನು ಏನೂ ಕೇಳಲಿಲ್ಲ. ಕೇಳಿದರೆ ಅವನು ಏನೂ ಹೇಳುವವನಲ್ಲ. ಬೇರೆ ಕಡೆಯಿಂದ ವಿಚಾರಿಸಿ, ನಮ್ಮ ಪೈಕಿ ಜೈನರೇ ಎಂದು ತಿಳಿದುಕೊಂಡು, ನೇರವಾಗಿ ಹುಕ್ಕೇರಿಗೆ ಹೆಣ್ಣು ಕೇಳಿ ಮಾತು ಕಳಿಸಿದಳು.

ಮಾತಿಗೆ ಉತ್ತರವಾಗಿ ಬಂದವರು ಆರತಿಯ ದೊಡ್ಡಪ್ಪ ಬಾಪುಸಾಹೇಬ. ಹುಕ್ಕೇರಿಯಲ್ಲಿ ಬೆಲ್ಲದ ವ್ಯಾಪಾರಿ. ಬೆಲ್ಲದ ಅಚ್ಚನ್ನು, ಅಂದರೆ ಪೆಂಟಿಯನ್ನು, ಬೆರಳಿನಿಂದ ಒಮ್ಮೆ ತಟ್ಟಿ ಒಳಗಿನ ಬಣ್ಣ ಹೇಳುವವರು. ವರನನ್ನೂ ಹಾಗೆ ತಟ್ಟಿ ನೋಡಲು, ಹೇಳದೆ ಕೇಳದೆ ಗೋಕಾಕದ ಅಂಗಡಿಗೇ ಬಂದರು. ಆರತಿಯ ದೊಡ್ಡಪ್ಪ ಎಂದು ಹೇಳಿದ್ದೇ ತಡ ಶ್ರೇಣಿಕ ಎದ್ದು ನಿಂತ, ಕುರ್ಚಿ ಒರೆಸಿದ, ಚಹಾ ತರಿಸಿದ. ಬಾಪುಸಾಹೇಬರ ಕಣ್ಣು ಅಷ್ಟರಲ್ಲಿ ಗೋಡೆಯ ಮೇಲೆ ನಿಂತಿತ್ತು.

“ಇದೇನಪಾ?”

ಇಂಗ್ಲಿಷ್ ಮಾತಾಡಿದರೆ ದಿಮಾಕಿನವನು ಎಂದುಕೊಂಡಾರು ಎಂದು ಶ್ರೇಣಿಕ ಅಚ್ಚ ಕನ್ನಡದಲ್ಲಿ ಹೇಳಿದ. “ಇತಿಹಾಸರಿ.”

“ಯಾರದು?”

“ನಮ್ಮದರಿ. ನಂದು, ಆರತಿ ಮೇಡಂದು.”

ಬಾಪುಸಾಹೇಬ ಚಹಾದ ಬಟ್ಟಲನ್ನು ಕೆಳಗಿಟ್ಟರು. “ಇಬ್ಬರದೂ ಒಂದರಾಗ?”

“ಹೌದ್ರಿ. ಮೂಲ ಒಂದರಿ. ಆಮ್ಯಾಲ ಕವಲ ಒಡದೈತಿ.”

ಅವರು ಎದ್ದು ಗಾಜಿನ ಮೇಲೆ ಬೆರಳಿಟ್ಟರು. “ಕೆಳಗ ಪದ್ಮಣ್ಣ. ಇವರು ಯಾರು?”

“ನಮ್ಮ ಅಜ್ಜಾರು. ತೀರಕೊಂಡಾರ್ರಿ.”

ಮಾಲೆಯೂ ಬಲ್ಬೂ ಅದಕ್ಕೆ ಸಾಕ್ಷಿ ನುಡಿದವು. ಬೆರಳು ಮೇಲಕ್ಕೆ ಹೋಯಿತು. ಶ್ರೇಣಿಕ, ಶ್ರೇಣಿಕ, ಮತ್ತೆ ಶ್ರೇಣಿಕ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಮನೆತನಗಳನ್ನು ಕಂಡವರು ಬಾಪುಸಾಹೇಬ. ಅವರಿಗೆ ಅದರಲ್ಲಿ ಆಶ್ಚರ್ಯ ಕಾಣಲಿಲ್ಲ. ಆಶ್ಚರ್ಯ ಕಂಡದ್ದು ಬದಿಯ ಗೆರೆಯಲ್ಲಿ.

“ಈ ಆರತಿ, ನಮ್ಮ ಆರತಿನ?”

“ಅವರರಿ.”

“ಆಕೀಗೆ ಇದು ಗೊತ್ತೈತೇನು?”

“ಗೊತ್ತೈತೇನು ಅಂತೀರಲ್ಲ! ನನಗ ತೋರಿಸಿದವರ ಅವರರಿ. ಅಲ್ಲೀತನಕ ನಾ ಒಂದ ಗೆರಿ ಐತಿ ಅಂತ ತಿಳದಿದ್ದೆ.”

ಬಾಪುಸಾಹೇಬ ಟೊಪ್ಪಿಗೆ ತೆಗೆದು ಹಣೆ ಒರೆಸಿಕೊಂಡರು. ಹುಡುಗನ ಮುಖವನ್ನು ಒಮ್ಮೆ ನೋಡಿದರು. ಪೆಂಟಿ ಚೊಲೋ ಇತ್ತು. ಅದೇ ಅವರಿಗೆ ಸಂಕಟ. “ಇದು ಆಗೂದಲ್ಲ ತಮ್ಮಾ,” ಎಂದಷ್ಟೇ ಹೇಳಿ ಹೊರಗೆ ನಡೆದರು. ಚಹಾ ಹಾಗೇ ಉಳಿಯಿತು.

ಬಾಗಿಲಲ್ಲಿ ಕೆಂಚಪ್ಪ ನಿಂತಿದ್ದ. ಬಾಪುಸಾಹೇಬ ಅವನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಕೇಳಿದರು: “ಈ ಪದ್ಮಣ್ಣ ಅನ್ನಾವರು ಯಾವಾಗರ ಹುಕ್ಕೇರಿ ಕಡೆ ಬರ್ತಿದ್ರೇನು?”

“ಎತ್ತ ಕೊಳ್ಳಾಕ ಬರ್ತಿದ್ರು ಅಂತ ಕೇಳೇನ್ರಿ,” ಎಂದ ಕೆಂಚಪ್ಪ. ಅವನಿಗೆ ಇಲ್ಲ ಎಂದು ಹೇಳಿ ರೂಢಿಯಿರಲಿಲ್ಲ.

“ಮಗಳ ಹಂಗ ಸಾಕೇವಿ,” ಎಂದರು ಬಾಪುಸಾಹೇಬ. “ಅಣ್ಣ-ತಂಗಿ ಲಗ್ನಾ ಮಾಡಾಕ ಹೊಂಟಿದ್ವಲ್ಲೋ!”

ಕೆಂಚಪ್ಪ ಓಡಿ ಬಂದು ಇದನ್ನು ಹೇಳಿದಾಗ ಶ್ರೇಣಿಕ ಚಪ್ಪಲಿ ಹಾಕಿಕೊಳ್ಳದೆ ಬಸ್‌ಸ್ಟ್ಯಾಂಡಿಗೆ ಧಾವಿಸಿದ. ಬಸ್ಸು ಹೋಗಿತ್ತು. ಫೋನು ಮಾಡಿದರೆ ಆರತಿ ಎತ್ತಲಿಲ್ಲ. ಅವಳ ಫೋನು ಈಗ ದೊಡ್ಡಪ್ಪನ ಕಿಸೆಯಲ್ಲಿತ್ತು. ಗುರುವಾರ ಬಂತು, ಹುಕ್ಕೇರಿ ಬಸ್ಸೂ ಬಂತು. ಆರತಿ ಬರಲಿಲ್ಲ. ಶ್ರೇಣಿಕ ಇಸ್ತ್ರಿ ಅಂಗಿಯಲ್ಲಿ ಸಂಜೆಯವರೆಗೆ ಎರಡು ಗೆರೆಗಳ ಮುಂದೆ ಕೂತಿದ್ದ.

ಸುದ್ದಿ ಮಾತ್ರ ಯಾರ ಕಿಸೆಯಲ್ಲೂ ನಿಲ್ಲಲಿಲ್ಲ. ಗೋಕಾಕದಲ್ಲಿ ‘ಪದ್ಮಣ್ಣನಿಗೆ ಹುಕ್ಕೇರಿಯಲ್ಲಿ ಗೊತ್ತಿದ್ದವರಿದ್ದರು’ ಎಂದು ಹೊರಟದ್ದು, ಮೂಡಲಗಿ ಮುಟ್ಟುವಾಗ ‘ಮನೆ ಇತ್ತು’ ಎಂದಾಗಿ, ಕಲ್ಲೋಳಿಗೆ ಬರುವಾಗ ಆ ಮನೆಗೆ ಮಾಳಿಗೆಯೂ ಎರಡು ಎಮ್ಮೆಯೂ ಸೇರಿದ್ದವು. ಎದುರುಮನೆಯ ಉದ್ದವ್ವ ಜಿನ್ನವ್ವನ ಹತ್ತಿರ ಬಂದು, ಬಹಳ ಮೆತ್ತಗೆ, “ಜಿನ್ನಕ್ಕಾ, ಹುಕ್ಕೇರ್ಯಾಗ ನಿಮ್ಮವರು ಅದಾರಂತಲ್ಲಾ? ಇಷ್ಟ ದಿನ ಹೇಳಲೇ ಇಲ್ಲಾ,” ಎಂದಳು.

ಆಯಿ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ಉದ್ದವ್ವಾ, ನನ್ನ ಗಂಡ ಸತ್ತ ಎಷ್ಟ ವರ್ಷಾತು ಅಂತ ನಿನಗ ಗೊತ್ತೈತಿ. ಅಂವ ಬದುಕಿರೂತನಕ ಹೊತ್ತ ಮುಣಗಿದ ಮ್ಯಾಲ ಊಟ ಮಾಡಿದಾವಲ್ಲ. ದಿನಾ ಹೊತ್ತ ಇರೂವಾಗ ಬಂದ ನನ್ನ ಮುಂದ ತಾಟ ಹಿಡದ ಕುಂದರತಿದ್ದ. ಇನ್ನೊಂದ ಮನಿ ಇಟ್ಟಾವಗ ಅಲ್ಲಿ ಒಂದ ದಿನಾನರ ಉಣಬೇಕಾಗ್ತಿತ್ತಿಲ್ಲ? ನಾ ಒಂದ ದಿನಾನೂ ಅವನ ಪಾಲಿನ ಅನ್ನಾ ಉಳಿಸಿದಾಕಿ ಅಲ್ಲ.”

ಉದ್ದವ್ವ ಸೆರಗು ಸರಿಮಾಡಿಕೊಂಡು ಎದ್ದಳು. ಜೈನರ ಮನೆಯ ಊಟದ ಹೊತ್ತಿಗಿಂತ ಗಟ್ಟಿಯಾದ ಸಾಕ್ಷಿ ಕಲ್ಲೋಳಿಯಲ್ಲಿ ಇರಲಿಲ್ಲ. ಆದರೆ ಅವಳು ಹೋದ ಮೇಲೆ ಆಯಿ ಕಾಯಿ ಬಿಡಿಸುವುದನ್ನು ನಿಲ್ಲಿಸಿ ಮೊರವನ್ನು ಪಕ್ಕಕ್ಕಿಟ್ಟಳು. ಆಮೇಲೆ ಮಗನನ್ನು ಕರೆದಳು. “ಹೆಳವಗ ಬರಾಕ ಹೇಳು. ಹುಕ್ಕೇರಿಯವರಿಗೂ ಹೇಳು, ಹುಡಗೀನ ಕರಕೊಂಡ ಬರ್ರಿ ಅಂತ. ಆ ಗಾಜಿನ ಪಟಾನೂ ತರಸು.”

ಹೆಳವರೆಂದರೆ ಮನೆಮನೆಯ ವಂಶಾವಳಿಯನ್ನು ಬಾಯಿಪಾಠ ಹೇಳುವವರು. ಎತ್ತಿನ ಮೇಲೆ ಬಂದು, ಅದರ ಮೇಲಿಂದ ಇಳಿಯದೆಯೇ ಮನೆಯ ಮುಂದೆ ಹಿರಿಯರ ಹೆಸರು ಹಾಡುವುದು ಅವರ ಪದ್ಧತಿ. ಈ ಮನೆಯ ಹೆಳವ ಬೀರಸಿದ್ದಪ್ಪ ಎತ್ತನ್ನು ಮಾರಿ ಮೊಪೆಡ್ ಕೊಂಡಿದ್ದರೂ ಪದ್ಧತಿ ಬಿಟ್ಟಿರಲಿಲ್ಲ. ರವಿವಾರ ಮುಂಜಾನೆ ಅಂಗಳದ ನಡುವೆ ಮೊಪೆಡ್ಡಿಗೆ ಸ್ಟ್ಯಾಂಡ್ ಹಾಕಿ, ಕೆಳಗಿಳಿಯದೆ, ಹ್ಯಾಂಡಲಿಗೆ ಕಟ್ಟಿದ ಗಂಟೆಯನ್ನು ಅಲ್ಲಾಡಿಸಿದ. ಒಂದು ಕಡೆ ಬಾಪುಸಾಹೇಬ, ಅವರ ಹಿಂದೆ ತಲೆ ತಗ್ಗಿಸಿದ ಆರತಿ. ಇನ್ನೊಂದು ಕಡೆ ಕಂಬಕ್ಕೆ ಒರಗಿದ ಶ್ರೇಣಿಕ. ಕೆಂಚಪ್ಪ ಗಾಜಿನ ಪಟವನ್ನು ಮಗುವಿನಂತೆ ಎತ್ತಿಕೊಂಡು ಬಂದು ಕಟ್ಟೆಯ ಮೇಲೆ ನಿಲ್ಲಿಸಿದ. ಬಲ್ಬಿಗೆ ವಾಯರನ್ನೂ ತಂದಿದ್ದ.

ಬೀರಸಿದ್ದಪ್ಪ ಪಟವನ್ನು ನೋಡಿದ. ಮುಖ ಬಿಗಿಯಿತು. “ಇದನ್ನ ಯಾವ ಹೆಳವ ಬರದ?”

“ಕಂಪ್ಯೂಟರ್ ಬರದೈತಿ,” ಎಂದ ಕೆಂಚಪ್ಪ.

“ಅದು ಯಾವೂರದು? ಈ ಸೀಮಿ ಹಕ್ಕ ನಮ್ಮ ಮುತ್ತ್ಯಾನ ಕಾಲದಿಂದ ನಮಗೈತಿ. ನಮ್ಮ ಮನಿಗೋಳ ಹೆಸರ ಹೇಳಾಕ ಅದಕ್ಕ ಹೇಳಿದವರ್ಯಾರು?”

“ಮೊದಲ ನೀ ಹೇಳು,” ಎಂದಳು ಆಯಿ.

ಅವನು ಕಣ್ಣು ಮುಚ್ಚಿ ಹೇಳಿದ. ಮೂಲಪುರುಷ ನೇಮಣ್ಣ, ನೇಮಣ್ಣನ ಮಗ ಆದಪ್ಪ, ಆದಪ್ಪನ ಮಗ ಭೂಪಾಲ, ಭೂಪಾಲನ ಮಗ ಪದ್ಮಣ್ಣ, ಪದ್ಮಣ್ಣನ ಮಗ ಅಣ್ಣಾಸಾಹೇಬ, ಅಣ್ಣಾಸಾಹೇಬನ ಮಗ ಶ್ರೇಣಿಕ. ನೆಟ್ಟಗೆ, ಕೊಯ್ದಿಟ್ಟ ಕಬ್ಬಿನ ಹಾಗೆ, ಒಂದೇ ಗೆರೆ.

“ಹುಕ್ಕೇರಿ ಕವಲ ಇಲ್ಲಲ್ಲ!” ಎಂದು ಕೆಂಚಪ್ಪ ಕೂಗಿದ.

“ಆದ್ರ ಪಟದಾಗ ಐತಿ,” ಎಂದರು ಬಾಪುಸಾಹೇಬ. “ಹುಡಗನ ಬಾಯಿಲೆ ಕೇಳೇನಿ, ಮೂಲ ಒಂದ ಅಂತ.”

ಎಲ್ಲರೂ ಶ್ರೇಣಿಕನನ್ನು ನೋಡಿದರು. ಶ್ರೇಣಿಕ ಬಾಯಿ ತೆರೆದ. ಹೇಳಬೇಕಾದದ್ದು ಎಲ್ಲಿಂದ ಶುರುವಾಗುತ್ತದೆ ಎಂದು ತಿಳಿಯದೆ ಮುಚ್ಚಿದ. ಕೊನೆಗೆ ಆರತಿಯೇ ಮುಂದೆ ಬಂದಳು.

“ದೊಡ್ಡಪ್ಪಾ, ನಾ ದಿನಾ ಹೇಳಾಕತ್ತೇನಿ, ನೀವ ಕೇಳವಲ್ರಿ. ಇದು ಮನಷ್ಯಾರದಲ್ಲ. ಹೊಲದ ನೀರಿನ ಪಾಳಿ ಕೆಲಸದ್ದು.”

“ಕೇಳಿದ್ರೇನು!” ಕೆಂಚಪ್ಪ ಜನರ ಕಡೆ ತಿರುಗಿದ. “ಹೊಲದಾಗೂ ಪಾಲ ಐತಂತ!”

ಗುಂಪಿನಲ್ಲಿ ಗದ್ದಲವೆದ್ದಿತು. ಉದ್ದವ್ವ ಬಾಯಿಯ ಮೇಲೆ ಸೆರಗಿಟ್ಟುಕೊಂಡಳು. ಬೀರಸಿದ್ದಪ್ಪ ಗಂಟೆ ಬಾರಿಸಿದ. ಆರತಿ ದನಿ ಎತ್ತಿ, ಪಟದಲ್ಲಿ ಗೆರೆಗಳು ಕೂಡಿದ ಚುಕ್ಕೆಯನ್ನು ತೋರಿಸಿದಳು. “ಹಂಗಲ್ರಿ! ನಾ ಅಲ್ಲಿ ಬರೀತೇನಿ, ಇವರ ಇಲ್ಲಿ ಬರೀತಾರ. ಒಬ್ಬರಿಗೊಬ್ಬರು ಕಾಯೂದಿಲ್ಲ. ಆಮ್ಯಾಲ ಎರಡೂ ಇಲ್ಲಿ ಬಂದ ಕೂಡತಾವು. ಕೂಡಿದ ಮ್ಯಾಲೂ ಯಾರ ಗೆರಿನೂ ಅಳಸೂದಿಲ್ಲ.”

ಆಯಿ ಕೈ ಎತ್ತಿದಳು. ಅಂಗಳ ಸುಮ್ಮನಾಯಿತು. ಅವಳು ಎದ್ದು ಪಟದ ಹತ್ತಿರ ಬಂದು, ಆರತಿ ತೋರಿಸಿದ ಚುಕ್ಕೆಯ ಮೇಲೆ ಬೆರಳಿಟ್ಟಳು.

“ಇದಕ್ಕ ಕೆಳಗ ಎರಡ ಗೆರಿ ಅದಾವೇನು?”

“ಹೌದ್ರಿ ಆಯಿ.”

“ಎರಡೂ ಹಂಗ ಇರ್ತಾವು?”

“ಹಂಗ ಇರ್ತಾವ್ರಿ.”

ಆಯಿ ಮೊಪೆಡ್ಡಿನ ಕಡೆ ತಿರುಗಿದಳು. “ಬೀರಸಿದ್ದಪ್ಪಾ, ನಮ್ಮವ್ವ ರತ್ನವ್ವ ಇದ ಮನಿ ಮಗಳು. ಭೂಪಾಲನ ತಂಗಿ. ಆಕೀನ ಹೊರಗ ಕೊಟ್ಟರು. ಆಕಿ ಹೊಟ್ಟಿಲೆ ನಾ ಹುಟ್ಟಿದೆ. ನನ್ನ ತಿರುಗಿ ಇದ ಮನಿಗೆ, ಸೋದರಮಾವನ ಮಗಗ ತಂದಕೊಂಡರು. ಒಂದ ಗೆರಿ ಹೊರಗ ಹೋಗಿ ಮತ್ತ ಬಂದ ಕೂಡ್ತು. ನಿನ್ನ ಹಾಡಿನ್ಯಾಗ ನಮ್ಮವ್ವ ಎಲ್ಲಿ ಅದಾಳು?”

ಬೀರಸಿದ್ದಪ್ಪ ಹ್ಯಾಂಡಲ್ಲಿನ ಗಂಟೆಯನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದ. “ಹೆಣ್ಮಕ್ಕಳ ಹೆಸರ ನಾವ ಹೇಳೂದಿಲ್ರಿ ಅವ್ವಾರ. ಅವರು ಬ್ಯಾರೆ ಮನಿಗೆ ಹೋಗಿಬಿಡ್ತಾರ.”

“ಹೋದವರ ಹೆಸರ ಬಿಟ್ಟರ, ಬಂದವರು ಎಲ್ಲಿಂದ ಬಂದರು ಅಂತ ಹೆಂಗ ತಿಳೀಬೇಕು?”

ಶ್ರೇಣಿಕ ಆ ಚುಕ್ಕೆಯನ್ನು ನೋಡಿದ, ಅಜ್ಜಿಯನ್ನು ನೋಡಿದ. ಎಂಬತ್ತರ ಹತ್ತಿರದ ಅಜ್ಜಿ ತನ್ನ ಕಣ್ಣ ಮುಂದೆಯೇ, ಎರಡು ಮನೆಗಳನ್ನು ನೆನಪಿಟ್ಟುಕೊಂಡ ಒಂದು ಚುಕ್ಕೆಯಾಗಿ ನಿಂತಿದ್ದಳು.

ಬಾಪುಸಾಹೇಬ ಒಂದು ಹೆಜ್ಜೆ ಮುಂದೆ ಬಂದರು. “ಅಂದ್ರ ಜಿನ್ನಕ್ಕಾರ, ಈ ಮನಿ ಮಗಳ ಯಾರರ ಹುಕ್ಕೇರಿಗೆ ಬಂದಿದ್ರು ಅಂತೀರೇನು?”

“ಬಂದಿರಬೇಕು. ಹೆಣ್ಮಕ್ಕಳ ಹೆಸರ ಎಲ್ಲಾ ಬಿಟ್ಟ ಹೇಳಿದ ಮ್ಯಾಲ, ಬಂದಿಲ್ಲ ಅನ್ನಾಕ ಯಾರಿಗೆ ಬರ್ತೈತಿ? ಏನೋ ಬೀರಸಿದ್ದಪ್ಪಾ?”

“ಆಗಿರಬಹುದ್ರಿ,” ಎಂದ ಬೀರಸಿದ್ದಪ್ಪ. ಅವನ ವೃತ್ತಿಯ ಮಾನ ಉಳಿಯಲು ಅದೊಂದೇ ದಾರಿಯಿತ್ತು.

“ಹಂಗಾದ್ರ ಆರತಿ ಇವಗ ತಂಗಿ ಅಲ್ಲ. ಹೊರಗ ಕೊಟ್ಟ ಹೆಣ್ಣಿನ ಗೆರಿ, ತಿರುಗಿ ಮನಿಗೆ ಬರಾಕತ್ತೈತಿ. ಲಗ್ನಕ್ಕ ಇದಕ್ಕಿಂತ ಸರಿಯಾದ ಸಂಬಂಧ ಯಾವದೈತಿ?”

ಬಾಪುಸಾಹೇಬ ಗಾಜಿನ ಹತ್ತಿರ ಬಗ್ಗಿ ನೋಡಿದರು. ಅಣ್ಣ-ತಂಗಿ ಎಂದು ಓದಿದ್ದ ಗೆರೆಗಳೇ ಈಗ ಅವರಿಗೆ ಸೋದರಿಕೆಯಾಗಿ ಕಂಡವು. ಆ ಹುಡುಗ ಅವರಿಗೆ ಮೊದಲೇ ಮನಸ್ಸಿಗೆ ಬಂದಿದ್ದ. “ನನಗ ಚಾಳೀಸ ಬದಲಸಬೇಕಾಗೇತಿ,” ಎಂದು ಅವರು ಕನ್ನಡಕ ತೆಗೆದು ಒರೆಸಿದರು. “ಅವತ್ತ ಮ್ಯಾಲ ಗೆರಿ ಕೂಡಿದ್ದ ಕಾಣಲೇ ಇಲ್ಲ. ಚಹಾ ತರ್ರಿ. ಅವತ್ತಿಂದೂ ಉಳದೈತಿ.”

ಅದು ನೀರಿನ ಪಾಳಿಯದು ಎಂದು ಆರತಿ ಇನ್ನೊಮ್ಮೆ ಹೇಳಹೊರಟಳು. ಆಯಿ ಅವಳ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿಕೊಂಡಳು. “ನನಗೂ ಗೊತ್ತೈತಿ ಮಗಳ,” ಎಂದಳು, ಅವಳಿಗಷ್ಟೇ ಕೇಳುವಂತೆ. “ನೀರಿಂದ ಇದ್ರ ಇರಲಿ. ನಿನ್ನ ಗೆರಿ ಅಳಸಬಾರದು. ಅದಕ್ಕ ಗಾಜ ಹಾಕ್ಯಾರ ಅಂತ ತಿಳಿ.”

ಕೆಂಚಪ್ಪ ಬಲ್ಬು ಹಚ್ಚಿದ. ಅದು ಹತ್ತಿತು, ಅಷ್ಟರಲ್ಲೇ ಕರೆಂಟು ಹೋಯಿತು.

ಲಗ್ನವಾಯಿತು. ನೀರಿನ ಪಾಳಿಯೂ ಮುಗಿದು ಮೂಡಲಗಿಯಲ್ಲಿ ಓಡತೊಡಗಿತು. ಮರುವರ್ಷ ಬೀರಸಿದ್ದಪ್ಪ ಬಂದು ಮೊಪೆಡ್ಡಿನ ಮೇಲೆ ಕೂತು, “ಭೂಪಾಲ, ಭೂಪಾಲನ ತಂಗಿ ರತ್ನವ್ವ, ರತ್ನವ್ವನ ಮಗಳು ಜಿನ್ನವ್ವ,” ಎಂದು ಸ್ವಲ್ಪ ತಡವರಿಸುತ್ತ ಹೇಳಿದ. ಆಯಿ ಅವನಿಗೆ ಎಂದಿಗಿಂತ ಒಂದು ಮೊರ ಜೋಳ ಹೆಚ್ಚಾಗಿ ಹಾಕಿಸಿದಳು. ಗೋಕಾಕದ ಅಂಗಡಿಯಲ್ಲಿ ಈಗ ಎರಡು ಕುರ್ಚಿಗಳು. ಮಾಲೆ ತೆಗೆದ ಪಟ ಗೋಡೆಯ ಮೇಲೆಯೇ ಇದೆ. ಎಂದಾದರೂ ಗೆರೆ ಎರಡಾದರೆ ಆರತಿ ಇಂದಿಗೂ ಪಕ್ಕಕ್ಕೆ ಸರಿದು ಬಂದು, ಇದಕ್ಕೆ ಎರಡೂ ಮನೆ ನೆನಪಿರುತ್ತದೆ ನೋಡ್ರಿ ಎಂದು ಮೊದಲಿನಿಂದ ತಿಳಿಸಿ ಹೇಳುತ್ತಾಳೆ. ಶ್ರೇಣಿಕ ತಲೆಯಾಡಿಸಿ ಕೇಳುತ್ತಾನೆ.

ಅವಳು ಎರಡನೆಯ ಗುರುವಾರ ಬಂದುಹೋದಾಗಲೇ ತಾನು ಕೂಡಿಸುವುದನ್ನು ಕಲಿತಿದ್ದೆ, ಮುಂದಿನ ವಾರಗಳಲ್ಲೆಲ್ಲ ಒಬ್ಬನೇ ಕೂಡಿಸಿ ನೋಡಿ, ಅವಳು ಬರುವ ಮೊದಲು ಮತ್ತೆ ಬಿಡಿಸಿ ಇಡುತ್ತಿದ್ದೆ ಎಂಬುದನ್ನು ಅವನು ಅವಳಿಗೆ ಎಂದೂ ಹೇಳಲಿಲ್ಲ.